ಬ್ಯಾಗ್ ತುಂಬೋದು ಯಾರ ಕೆಲಸ?

ಪ್ರಶ್ನೆ: ನಾನು ನಿವೃತ್ತ ನೌಕರ, ಮೈಸೂರಿನವನು. ತಿಂಗಳ ಸಾಮಾನು ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ನಲ್ಲಿ ತರುತ್ತೇನೆ. ಬಿಲ್ ಹಾಕುವ ಹುಡುಗಿ ಸಾಮಾನು ಸ್ಕ್ಯಾನ್ ಮಾಡಿ ಪಕ್ಕಕ್ಕೆ ತಳ್ಳುತ್ತಾಳೆ, ಬ್ಯಾಗಿಗೆ ಹಾಕುವುದಿಲ್ಲ. ಹೋದ ಸಲ ನಾನೂ ಕೈಕಟ್ಟಿ ನಿಂತೆ. ಹಿಂದಿದ್ದವರು ಗೊಣಗಿದರು. ಆಮೇಲೆ ಒಬ್ಬ ಹುಡುಗ ಬಂದು ಸಕ್ಕರೆ, ಟೀ ಪುಡಿ ಜೊತೆಗೆ ಫಿನಾಯಿಲ್ ತುಂಬಿಬಿಟ್ಟ. ಸಿಟ್ಟು ಬಂದು ಬೈದೆ. ಜರ್ಮನಿಯಿಂದ ರಜೆಗೆ ಬಂದಿದ್ದ ಮಗಳು ಜೊತೆಗಿದ್ದಳು. "ಅಪ್ಪಾ, ಅಲ್ಲೆಲ್ಲ ನಮ್ಮ ಸಾಮಾನು ನಾವೇ ತುಂಬ್ಕೋಬೇಕು" ಎಂದು ನನಗೇ ಬುದ್ಧಿ ಹೇಳಿದಳು. ಬ್ಯಾಗಿಗೆ ದುಡ್ಡು ತೆಗೆದುಕೊಂಡ ಮೇಲೆ ತುಂಬಿ ಕೊಡುವುದು ಅವರ ಕೆಲಸ ಅಲ್ವಾ? ತುಂಬಿಕೊಟ್ಟವರಿಗೆ ಟಿಪ್ಸ್ ಕೊಡಬೇಕಾ?

ಉತ್ತರ: ಸೂಪರ್‌ಮಾರ್ಕೆಟ್ ಕೌಂಟರಿಗೆ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದು ನನ್ನ ವೃತ್ತಿ. ಈ ಜಗಳವನ್ನು ಕೌಂಟರಿನ ಎರಡೂ ಕಡೆಯಿಂದ ನೋಡಿದ್ದೇನೆ. ಬ್ಯಾಗ್ ತುಂಬುವುದು ಕಾನೂನಿನ ವಿಷಯ ಅಲ್ಲ, ಆಯಾ ಅಂಗಡಿಯ ಪದ್ಧತಿ. ತುಂಬುವುದಕ್ಕೇ ಒಬ್ಬರನ್ನು ನಿಲ್ಲಿಸಿದ್ದರೆ ಅದು ಅವರ ಕೆಲಸ, ಸಂಕೋಚವಿಲ್ಲದೆ ಕೇಳಿ. ಕೌಂಟರಿನಲ್ಲಿ ಒಬ್ಬರೇ ಇದ್ದಾರೆ, ಅವರ ಕೈ ಸ್ಕ್ಯಾನರ್ ಮೇಲಿದೆ, ನಿಮ್ಮ ಕೈ ಖಾಲಿ ಇದೆ ಅಂದರೆ ನೀವು ತುಂಬಿಕೊಳ್ಳಿ. ಯಾರ ಕೈ ಖಾಲಿಯೋ ಅವರು ತುಂಬುವುದು. ನಾನು ನಮ್ಮ ಹುಡುಗರಿಗೂ ಇದನ್ನೇ ಹೇಳುವುದು. ಪಕ್ಕದ ಕೌಂಟರಿನಲ್ಲಿ ಜನ ಇಲ್ಲದಿದ್ದರೆ ಎದ್ದು ಬಂದು ತುಂಬಿ ಕೊಡಿ, ಗಿರಾಕಿ ಕೇಳಲಿ ಅಂತ ಕಾಯಬೇಡಿ ಅಂತ.

ಕೈಕಟ್ಟಿ ನಿಂತದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ನಮ್ಮ ತಲೆಮಾರು ಬೆಳೆದದ್ದು ದಿನಸಿ ಅಂಗಡಿಯಲ್ಲಿ. ಚೀಟಿ ಕೊಟ್ಟರೆ ಶೆಟ್ಟರು ತೂಗಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ತೂಗುಬಿಟ್ಟ ಉಂಡೆಯಿಂದ ದಾರ ಎಳೆದು ಸುತ್ತಿ, ಚೀಲಕ್ಕೆ ಇಳಿಸಿ ಕೊಡುತ್ತಿದ್ದರು. ನಮ್ಮ ಕೆಲಸ ಚೀಲದ ಬಾಯಿ ಹಿಡಿಯುವುದು ಅಷ್ಟೇ. ಹಾಪ್‌ಕಾಮ್ಸ್‌ನಲ್ಲಿ ಇವತ್ತಿಗೂ ಹಾಗೇ ಅಲ್ವಾ? ನಾವು ಚೀಲ ಹಿಡಿದರೆ ಅವರು ತಕ್ಕಡಿಯಿಂದ ಸುರಿಯುತ್ತಾರೆ.

ಗಿರಾಕಿಯೇ ಒಳಗೆ ನಡೆದು ಬೇಕಾದ್ದನ್ನು ಎತ್ತಿಕೊಳ್ಳುವ ಅಂಗಡಿಯನ್ನು ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 1916ರಲ್ಲಿ ತೆರೆದ. ಹೆಸರು ಪಿಗ್ಲಿ ವಿಗ್ಲಿ. ಹುಡುಕುವುದು, ಆರಿಸುವುದು, ಹೊತ್ತು ತರುವುದು ಎಲ್ಲ ಗಿರಾಕಿಯ ಕೈಗೆ ಬಂತು. ಅಂಗಡಿಗೆ ಆಳು ಕಡಿಮೆ ಸಾಕಾಯಿತು, ಆ ಉಳಿತಾಯದಲ್ಲಿ ಒಂದು ಪಾಲು ಬೆಲೆಯಲ್ಲಿ ಇಳಿಯಿತು. ಕೊನೆಯ ಒಂದು ಕೆಲಸ, ಬ್ಯಾಗ್ ತುಂಬುವುದು, ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ಕಡೆ ಹೋಯಿತು. ಅಮೆರಿಕದ ಅನೇಕ ಅಂಗಡಿಗಳಲ್ಲಿ ಅದಕ್ಕೆ ಬೇರೆ ಹುಡುಗರಿದ್ದಾರೆ. ಜಪಾನಿನಲ್ಲಿ ದುಡ್ಡು ಕೊಟ್ಟ ಮೇಲೆ ಬುಟ್ಟಿಯನ್ನು ಪಕ್ಕದ ಮೇಜಿಗೆ ಒಯ್ದು ತಾವೇ ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ಎರಡೂ ಇದೆ, ಒಂದೇ ಅಂಗಡಿಯಲ್ಲಿ ಬೆಳಗ್ಗೆ ಒಂದು ಥರ, ಭಾನುವಾರ ಸಂಜೆ ಇನ್ನೊಂದು ಥರ. ಅದಕ್ಕೇ ಈ ಗೊಂದಲ.

ನಿಮ್ಮ ಮಗಳು ಹೇಳಿದ್ದು ಜರ್ಮನಿಯ ಮಟ್ಟಿಗೆ ಪೂರ್ತಿ ನಿಜ. ಆಲ್ಡಿ, ಲಿಡ್ಲ್‌ನಂಥ ಅಂಗಡಿಗಳಲ್ಲಿ ಕ್ಯಾಶಿಯರ್ ಸ್ಕ್ಯಾನ್ ಮಾಡುವ ವೇಗಕ್ಕೆ ಹೊಸಬರು ಬೆವರುತ್ತಾರೆ. ಸ್ಕ್ಯಾನರ್ ಆಚೆಗಿನ ಜಾಗ ಚಿಕ್ಕದು. ಸಾಮಾನು ಬಂದ ಹಾಗೆ ವಾಪಸ್ ಟ್ರಾಲಿಗೆ ಹಾಕಿಕೊಳ್ಳಬೇಕು. ದುಡ್ಡು ಕೊಟ್ಟು, ಗೋಡೆ ಪಕ್ಕದ ಉದ್ದನೆಯ ಹಲಗೆಯ ಹತ್ತಿರ ಹೋಗಿ, ಅಲ್ಲಿ ನಿಧಾನವಾಗಿ ಬ್ಯಾಗಿಗೆ ತುಂಬಿಕೊಳ್ಳಬೇಕು. ಕೌಂಟರಿನಲ್ಲೇ ಒಂದೊಂದೇ ಜೋಡಿಸುತ್ತಾ ನಿಂತರೆ ಹಿಂದಿನವರ ಮುಖ ನೋಡುವ ಹಾಗಿರುವುದಿಲ್ಲ. ವಾಲ್‌ಮಾರ್ಟ್ 1997ರಲ್ಲಿ ಅಲ್ಲಿಗೆ ಹೋಗಿ, ಅಮೆರಿಕದ ರೂಢಿಯಂತೆ ಬ್ಯಾಗ್ ತುಂಬಿಕೊಡಲು ಜನ ನಿಲ್ಲಿಸಿತು. ಗುರುತಿಲ್ಲದವರು ತಮ್ಮ ಸಾಮಾನು ಮುಟ್ಟುವುದು ಅನೇಕ ಗಿರಾಕಿಗಳಿಗೆ ಹಿಡಿಸಲಿಲ್ಲ. ಕಂಪನಿ ಸೋತದ್ದಕ್ಕೆ ದೊಡ್ಡ ಕಾರಣಗಳು ಬೇರೆ ಇದ್ದವು. ಆದರೂ 2006ರಲ್ಲಿ ಅದು ಜರ್ಮನಿ ಬಿಟ್ಟು ಹೊರಟಾಗ ಈ ಬ್ಯಾಗಿನ ಕತೆಯನ್ನೂ ಜನ ನೆನಪಿಸಿಕೊಂಡರು.

ಅದನ್ನು ಹಾಗೇ ಮೈಸೂರಿಗೆ ತರಲು ಆಗುವುದಿಲ್ಲ, ಮಗಳಿಗೆ ಇದನ್ನು ಹೇಳಿ. ಅಲ್ಲಿ ತುಂಬಿಕೊಳ್ಳಲು ಬೇರೆ ಜಾಗ ಇದೆ. ನಮ್ಮ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನರ್ ಆಚೆ ಒಂದು ಮೊಳ ಜಾಗ, ಅದರಾಚೆ ಬಿಲ್ ನೋಡಿ ಸೀಲ್ ಹೊಡೆಯುವ ಸೆಕ್ಯುರಿಟಿ. ಎಲ್ಲಿ ನಿಂತು ತುಂಬಬೇಕು? ಈ ತಪ್ಪು ನಿಮ್ಮದೂ ಅಲ್ಲ, ಆ ಹುಡುಗಿಯದೂ ಅಲ್ಲ, ಅಂಗಡಿ ಕಟ್ಟಿದವರದು. ಬಾಗಿಲ ಪಕ್ಕ ಒಂದು ಮೇಜು ಹಾಕಿ ಅಂತ ಮ್ಯಾನೇಜರ್‌ಗೆ ಹೇಳಿ ನೋಡಿ. ನಾನೂ ಹೋದಲ್ಲೆಲ್ಲ ಹೇಳುತ್ತೇನೆ. ಆ ಜಾಗದಲ್ಲಿ ಚಾಕೊಲೇಟ್ ಸ್ಟ್ಯಾಂಡ್ ಇಟ್ಟರೆ ಜಾಸ್ತಿ ವ್ಯಾಪಾರ ಆಗುತ್ತದೆ ಅನ್ನುತ್ತಾರೆ.

ಇನ್ನೊಂದು ವ್ಯತ್ಯಾಸ ಇದೆ. ಜರ್ಮನಿಯ ಕ್ಯಾಶಿಯರ್ ಕುರ್ಚಿ ಮೇಲೆ ಕೂತಿರುತ್ತಾರೆ. ನಮ್ಮಲ್ಲಿ ಬಹಳ ಕಡೆ ಇಡೀ ಶಿಫ್ಟ್ ನಿಂತೇ ಇರಬೇಕು. ಕೇರಳದ ಕೋಯಿಕ್ಕೋಡ್‌ನಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಆ ರಾಜ್ಯ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಕೂಡ ಅಂಗಡಿ ನೌಕರರಿಗೆ ಕೂರಲು ಆಸನ ಇಡಬೇಕು ಎಂದು ಕಾನೂನು ಮಾಡಿತು. ಸಂಜೆ ಏಳು ಗಂಟೆಗೆ ಮುಖ ಗಂಟಿಕ್ಕಿದ ಕ್ಯಾಶಿಯರ್ ಎದುರಾದರೆ, ನಿಮ್ಮ ಮೇಲೆ ಸಿಟ್ಟು ಅಂತ ಅಂದುಕೊಳ್ಳಬೇಡಿ. ಬಹುಶಃ ಕಾಲು ನೋಯುತ್ತಿರುತ್ತದೆ.

ಈಗ ಆ ಹುಡುಗಿ ಯಾಕೆ ತುಂಬಲಿಲ್ಲ ಎನ್ನುವುದು. ಸ್ಕ್ಯಾನ್ ಮಾಡುವುದು ಬರೀ ಬೀಪ್ ಅನ್ನಿಸುವ ಕೆಲಸ ಅಲ್ಲ. ಒಂದೇ ಬಾರ್‌ಕೋಡ್‌ಗೆ ಎರಡು ಎಂಆರ್‌ಪಿ ಇರುವ ಸಾಮಾನು ನಮ್ಮಲ್ಲಿ ತುಂಬಾ. ಹಳೇ ಸ್ಟಾಕ್ ಒಂದು ಬೆಲೆ, ಹೊಸದು ಇನ್ನೊಂದು. ಆಗ ಸ್ಕ್ರೀನ್ ಎರಡನ್ನೂ ತೋರಿಸಿ ಯಾವುದು ಅಂತ ಕೇಳುತ್ತದೆ. ಅವಳು ಪೊಟ್ಟಣ ತಿರುಗಿಸಿ ನೋಡಿ ಸರಿಯಾದ್ದನ್ನು ಒತ್ತಬೇಕು. ತಪ್ಪಿ ಒತ್ತಿದರೆ ನಿಮಗೆ ನಷ್ಟ, ಇಲ್ಲಾ ಅಂಗಡಿಗೆ. ಒಂದು ಕೊಂಡರೆ ಒಂದು ಉಚಿತ ಅನ್ನುವ ಆಫರ್ ಕೂತಿದೆಯಾ, ತರಕಾರಿ ಮೇಲಿನ ತೂಕದ ಸ್ಟಿಕ್ಕರ್ ಅದೇ ತರಕಾರಿಯದಾ, ಇವೂ ಅವಳ ತಲೆಯಲ್ಲಿ ಓಡುತ್ತಿರುತ್ತವೆ. ದಿನದ ಕೊನೆಗೆ ಡ್ರಾಯರಿನ ದುಡ್ಡು ಲೆಕ್ಕಕ್ಕೆ ತಾಳೆಯಾಗಬೇಕು, ಕಡಿಮೆ ಬಿದ್ದರೆ ಅವಳೇ ಉತ್ತರ ಹೇಳಬೇಕು. ಇದರ ನಡುವೆ ಬ್ಯಾಗನ್ನೂ ಅವಳಿಂದಲೇ ತುಂಬಿಸಿದರೆ, ಒಂದೇ ಸಾಮಾನು ಎರಡು ಸಲ ಬೀಪ್ ಆಗುವುದು, ಒಂದು ಬಿಟ್ಟೇ ಹೋಗುವುದು ಸಹಜ.

ಹಾಗಾದರೆ ನಾನು ತುಂಬುತ್ತಿದ್ದರೆ ಸ್ಕ್ರೀನ್ ಯಾರು ನೋಡುವುದು ಅಂತ ಕೇಳಬಹುದು. ಇಬ್ಬರು ಹೋಗಿದ್ದರೆ ಒಬ್ಬರು ನೋಡಿ, ಒಬ್ಬರು ತುಂಬಿ. ಒಬ್ಬರೇ ಇದ್ದರೆ ತುಂಬಿ ಮುಗಿಸಿ, ಪಕ್ಕಕ್ಕೆ ಸರಿದು, ಅಂಗಡಿಯಿಂದ ಹೊರಗೆ ಹೋಗುವ ಮುಂಚೆ ಬಿಲ್ ಓದಿ. ತಪ್ಪು ಕಂಡರೆ ಕಸ್ಟಮರ್ ಸರ್ವೀಸ್ ಮೇಜಿನಲ್ಲಿ ಸರಿ ಮಾಡಿಸಬಹುದು. ಕೌಂಟರಿನ ಎದುರೇ ನಿಂತು ಉದ್ದನೆಯ ಬಿಲ್ಲನ್ನು ಬೆರಳಿಟ್ಟು ಓದುವುದು ಬೇಡ.

ಫಿನಾಯಿಲ್ ವಿಷಯಕ್ಕೆ ಬರೋಣ. ನೀವು ಹೇಳಿದ್ದು ಸರಿ, ಹೇಳಿದ ಹೊತ್ತು ಮತ್ತು ರೀತಿ ಸರಿಯಿಲ್ಲ. ಟೀ ಪುಡಿ, ರವೆ, ಸಕ್ಕರೆ ಪಕ್ಕದ ವಾಸನೆಯನ್ನು ಬೇಗ ಹಿಡಿಯುತ್ತವೆ. ಫಿನಾಯಿಲ್ ಮಾತ್ರ ಅಲ್ಲ, ಊದುಬತ್ತಿ, ಬಟ್ಟೆ ಸೋಪು ಕೂಡ ಅಷ್ಟೇ. ಊದುಬತ್ತಿ ಪಕ್ಕ ಒಂದು ರಾತ್ರಿ ಇದ್ದ ರವೆಯಲ್ಲಿ ಉಪ್ಪಿಟ್ಟು ಮಾಡಿದವರಿಗೆ ಗೊತ್ತು. ಆದರೆ ತುಂಬುವ ಹುಡುಗ ತನ್ನ ಕಡೆಗೆ ಯಾವ ಕ್ರಮದಲ್ಲಿ ಸಾಮಾನು ಬರುತ್ತದೋ ಅದೇ ಕ್ರಮದಲ್ಲಿ ತುಂಬುತ್ತಾನೆ. ಹುಡುಕಿ, ವಿಂಗಡಿಸಿ ಹಾಕಲು ಅವನಿಗೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಆ ಕ್ರಮ ಇರುವುದು ನಿಮ್ಮ ಕೈಯಲ್ಲಿ. ಟ್ರಾಲಿಯಿಂದ ತೆಗೆದು ಕೌಂಟರಿನ ಮೇಲೆ ಇಡುವವರು ನೀವು.

ಹೀಗೆ ಇಡಿ. ಮೊದಲು ಭಾರದ್ದು, ಗಟ್ಟಿಯದ್ದು: ಬೇಳೆ, ಸಕ್ಕರೆ, ಹಿಟ್ಟು, ಬೆಲ್ಲ. ಎಣ್ಣೆ ಪ್ಯಾಕೆಟ್ ಇದ್ದರೆ ಅದನ್ನು ಬೇಳೆ ಪ್ಯಾಕೆಟ್‌ಗಳ ನಡುವೆ ನಿಲ್ಲಿಸಬೇಕು. ತಳಕ್ಕೆ ಮಲಗಿಸಿ ಮೇಲೆ ಐದು ಕೆಜಿ ಹಿಟ್ಟು ಹೇರಿದರೆ ಅಂಚು ಬಿಟ್ಟು ಸೋರುತ್ತದೆ, ಆಮೇಲೆ ಇಡೀ ಬ್ಯಾಗ್ ತೊಳೆಯಬೇಕು. ಆಮೇಲೆ ಡಬ್ಬಿ, ಬಿಸ್ಕತ್ತು, ಮಸಾಲೆ ಪುಡಿ. ಹಾಲು, ಮೊಸರು, ಬೆಣ್ಣೆ ಒಟ್ಟಿಗೆ ಒಂದು ಕಡೆ, ಅವು ಬೆವರುತ್ತವೆ, ಕಾಗದದ ಚೀಲ ಆದರೆ ತಳ ನೆನೆದು ಹರಿಯುತ್ತದೆ. ಟೊಮೆಟೊ, ಸೊಪ್ಪು, ಬ್ರೆಡ್ಡು, ಮೊಟ್ಟೆ ಕೊನೆಗೆ. ಸೋಪು, ಫಿನಾಯಿಲ್, ಊದುಬತ್ತಿ ಎಲ್ಲಕ್ಕಿಂತ ಹಿಂದೆ, ಒಂದು ಗೇಣು ಜಾಗ ಬಿಟ್ಟು ಬೇರೆಯಾಗಿ ಇಟ್ಟು, ಅದರ ಮೇಲೆ ಒಂದು ಖಾಲಿ ಬ್ಯಾಗ್ ಹಾಕಿಬಿಡಿ. ಏನೂ ಹೇಳದೆ ಅರ್ಥ ಆಗುತ್ತದೆ. ಹತ್ತು ಕೆಜಿ ಅಕ್ಕಿ ಚೀಲವನ್ನು ಕೌಂಟರಿಗೆ ಎತ್ತಲೇ ಬೇಡಿ. ಟ್ರಾಲಿಯಲ್ಲೇ ಇರಲಿ, ಬಾರ್‌ಕೋಡ್ ಮೇಲೆ ಕಾಣುವ ಹಾಗೆ ತಿರುಗಿಸಿ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಇದ್ದರೆ ಅವರೇ ಬಗ್ಗಿ ಹೊಡೆದುಕೊಳ್ಳುತ್ತಾರೆ. ನಿಮ್ಮ ಬೆನ್ನೂ ಉಳಿಯಿತು, ಅವರದೂ ಉಳಿಯಿತು.

ಹೇಳುವುದಿದ್ದರೆ ತುಂಬುವ ಮುಂಚೆ ಹೇಳಿ. "ಫಿನಾಯಿಲ್ ಬೇರೆ ಬ್ಯಾಗಿಗೆ ಹಾಕ್ತೀರಾ?" ಅಷ್ಟು ಸಾಕು. ತುಂಬಿ ಮುಗಿದ ಮೇಲೆ ಕಂಡರೆ, "ಇದೊಂದು ತೆಗೆದುಬಿಡೋಣ" ಅಂತ ನೀವೂ ಒಂದು ಕೈ ಹಾಕಿ. ಕರೆಯುವ ರೀತಿಯೂ ಮುಖ್ಯ. "ಏಯ್", "ಹಲೋ" ಅಂತ ಚಿಟಿಕೆ ಹೊಡೆಯುವವರನ್ನು ನೋಡಿದ್ದೇನೆ. ನಿಮ್ಮ ವಯಸ್ಸಿನವರು "ಏನಮ್ಮಾ", "ತಮ್ಮಾ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಏಕವಚನದಲ್ಲಿ ಶುರು ಮಾಡಿದ ಮಾತು ಸಿಟ್ಟು ಬಂದಾಗ ಬೇಗ ಕೆಳಗೆ ಜಾರುತ್ತದೆ. ಬಹುವಚನವೇ ವಾಸಿ. ಈಗ ಕೌಂಟರಿನಲ್ಲಿ ದೂರದ ರಾಜ್ಯದ ಹುಡುಗರೂ ಇರುತ್ತಾರೆ, ಕನ್ನಡ ಇನ್ನೂ ಕಲಿಯುತ್ತಿರುತ್ತಾರೆ. ನಿಧಾನವಾಗಿ, "ಇದು ಬೇರೆ ಬ್ಯಾಗ್" ಅಂತ ಕನ್ನಡದಲ್ಲೇ ಹೇಳಿ ಕೈ ತೋರಿಸಿ. ಮುಂದಿನ ತಿಂಗಳು ಅವರೇ "ಬೇರೆ ಬ್ಯಾಗಾ ಸರ್?" ಅಂತ ಕೇಳುತ್ತಾರೆ.

ಬ್ಯಾಗಿನ ದುಡ್ಡಿನ ಲೆಕ್ಕ ಬೇರೆ. ಅದು ಚೀಲದ ಬೆಲೆ, ತುಂಬುವ ಕೂಲಿ ಅಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಕೇಂದ್ರದ ನಿಯಮವೂ 2022ರ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಅವಕಾಶ ಕೊಡುವುದಿಲ್ಲ. ಅದಕ್ಕೇ ಕೌಂಟರಿನಲ್ಲಿ ಬಟ್ಟೆ ಚೀಲ, ಕಾಗದದ ಚೀಲ ಮಾರುತ್ತಾರೆ.

ಆದರೆ ಈ ವಿಷಯದಲ್ಲಿ ನಿಮಗೆ ಹಕ್ಕೂ ಇದೆ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ, 3 ರೂಪಾಯಿ ವಸೂಲಿ ಮಾಡಿದ ಒಂದು ಕಾಗದದ ಚೀಲಕ್ಕೆ ಬಾಟಾ ಕಂಪನಿ 9,000 ರೂಪಾಯಿ ತೆರಬೇಕು ಎಂದಿತು. ಕಂಪನಿಯ ಜಾಹೀರಾತು ಇರುವ ಚೀಲಕ್ಕೆ ಗಿರಾಕಿಯೇ ದುಡ್ಡು ಕೊಡಬೇಕಾ ಎನ್ನುವುದು ಅಲ್ಲಿನ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಇನ್ನೂ ಸ್ಪಷ್ಟವಾಗಿ ಹೇಳಿತು. ಮುಂಚೆ ತಿಳಿಸದೆ, ಎಲ್ಲ ಆರಿಸಿ ಕೌಂಟರಿಗೆ ಬಂದ ಮೇಲೆ ಚೀಲಕ್ಕೆ ದುಡ್ಡು ಅನ್ನುವುದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ. ಆದ್ದರಿಂದ ಬಾಗಿಲಲ್ಲೇ ಬೋರ್ಡ್ ಹಾಕಿದ್ದಾರಾ ನೋಡಿ. ಹಾಕಿಲ್ಲ ಅಂದರೆ ಮ್ಯಾನೇಜರ್ ಹತ್ತಿರ ಕೇಳಿ, 1915 ಸಹಾಯವಾಣಿಗೆ ದೂರು ಕೊಡಿ. ಕ್ಯಾಶಿಯರ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಬೆಲೆ ಇಟ್ಟದ್ದು ಅವರಲ್ಲ. ಫೋನ್ ನಂಬರ್ ಕೇಳುವುದೂ ಹೀಗೇ. ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಅಂಗಡಿಗಳಿಗೆ ತಿಳಿಸಿದೆ. "ಬೇಡಮ್ಮ" ಅಂದರೆ ಮುಗಿಯಿತು.

ಮನೆಯಿಂದ ಚೀಲ ತರುವುದೇ ಒಳ್ಳೆಯದು. ಒಂದು ತೊಡಕು ಇದೆ. ಕೆಲವು ಅಂಗಡಿಗಳಲ್ಲಿ ಒಳಗೆ ಬರುವಾಗಲೇ ಚೀಲವನ್ನು ಬ್ಯಾಗೇಜ್ ಕೌಂಟರಿನಲ್ಲಿ ಇಡಿಸುತ್ತಾರೆ, ಬಿಲ್ ಹೊತ್ತಿಗೆ ನಿಮ್ಮ ಕೈ ಬರಿದು. ಖಾಲಿ ಚೀಲ ಬಿಡಿಸಿ ತೋರಿಸಿ ಒಳಗೆ ಒಯ್ಯಲು ಕೇಳಿ, ಸಾಮಾನ್ಯವಾಗಿ ಬಿಡುತ್ತಾರೆ. ಬಿಡದಿದ್ದರೆ ಟ್ರಾಲಿಯಲ್ಲೇ ಹೊರಗೆ ತಂದು ಅಲ್ಲಿ ತುಂಬಿಕೊಳ್ಳಿ. ಇನ್ನು ಚೀಲ ಕೊಡುವ ರೀತಿ. ಹೋದ ವಾರದ ಕೊತ್ತಂಬರಿ ಎಲೆ, ಈರುಳ್ಳಿ ಸಿಪ್ಪೆ ಅಂಟಿದ ಚೀಲವನ್ನು ಮುದ್ದೆ ಮಾಡಿ ಕೌಂಟರಿನ ಮೇಲೆ ಎಸೆಯುವವರಿದ್ದಾರೆ. ಒಗೆದ ಚೀಲ ತಂದು, ಬಾಯಿ ತೆರೆದು ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಿಂದಿದ್ದವರು ಗೊಣಗಿದ್ದು ನೀವು ತುಂಬದೆ ಇದ್ದುದಕ್ಕಿಂತ ಸಾಲು ನಿಂತುಹೋದದ್ದಕ್ಕೆ. ಸಾಲು ನಿಲ್ಲಿಸುವುದು ಬ್ಯಾಗ್ ಒಂದೇ ಅಲ್ಲ. ಮೊತ್ತ ಹೇಳಿದ ಮೇಲೆ ಫೋನ್ ತೆಗೆದು, ನೆಟ್‌ವರ್ಕ್ ಹುಡುಕಿ, ಯುಪಿಐ ಪಿನ್ ನೆನಪು ಮಾಡಿಕೊಳ್ಳುವುದು. "ಒಂದು ನಿಮಿಷ, ಜೀರಿಗೆ ಮರೆತೆ" ಅಂತ ಒಳಗೆ ಓಡುವುದು. ಸ್ಕ್ಯಾನ್ ಆದ ಮೇಲೆ "ಇದು ಬೇಡ" ಅನ್ನುವುದು. ಈ ಕೊನೆಯದು ಗಿರಾಕಿಗಳಿಗೆ ಸಣ್ಣ ಮಾತು ಅನ್ನಿಸುತ್ತದೆ. ಬಹಳ ಅಂಗಡಿಗಳಲ್ಲಿ ಬಿಲ್ಲಿಗೆ ಬಂದ ಸಾಮಾನು ತೆಗೆಯಲು ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಬೇಕು. ಅವರು ಗೋಡೌನ್‌ನಲ್ಲಿದ್ದರೆ ಎಲ್ಲರೂ ಕಾಯಬೇಕು. ಬೇಡದ್ದನ್ನು ಸ್ಕ್ಯಾನ್ ಮಾಡುವ ಮುಂಚೆಯೇ ಪಕ್ಕಕ್ಕೆ ಕೊಡಿ. ಅದನ್ನು ಚಾಕೊಲೇಟ್ ಸ್ಟ್ಯಾಂಡಿನಲ್ಲಿ ತುರುಕುವುದು ಇನ್ನೂ ಕೆಟ್ಟದ್ದು, ಅದರಲ್ಲೂ ಐಸ್‌ಕ್ರೀಂ.

ಸಿಬ್ಬಂದಿಯ ತಪ್ಪು ಇರುವುದೇ ಇಲ್ಲ ಅಂತ ಅಲ್ಲ. ನಿಮ್ಮ ಸಾಮಾನು ಇನ್ನೂ ಅಲ್ಲೇ ಇರುವಾಗ ಮುಂದಿನವರದನ್ನು ಸ್ಕ್ಯಾನ್ ಮಾಡಿ ಅದರ ಮೇಲೇ ತಳ್ಳುವುದು ಪಕ್ಕಾ ತಪ್ಪು. ಸಾಮಾನು ಬೆರೆತರೆ ಇಬ್ಬರು ಗಿರಾಕಿಗಳಿಗೂ ಕಿರಿಕಿರಿ. "ಸ್ವಲ್ಪ ತಡೀರಿ, ಇದು ಮುಗೀಲಿ" ಅಂತ ಧಾರಾಳವಾಗಿ ಹೇಳಿ. ಪಕ್ಕದ ಕೌಂಟರಿನವರ ಜೊತೆ ಹರಟುತ್ತಾ ಮೊಟ್ಟೆ ಟ್ರೇ ಎಸೆಯುವುದೂ ತಪ್ಪು. ವಯಸ್ಸಾದವರು, ಬಸುರಿಯರು, ಮಗು ಎತ್ತಿಕೊಂಡವರು ಬಂದಾಗ ಎಷ್ಟೇ ಸಾಲಿದ್ದರೂ ತುಂಬಿ ಕೊಡಬೇಕು, ಇದು ನನ್ನ ಖಚಿತ ಅಭಿಪ್ರಾಯ. ನಿಮಗೆ ಸೊಂಟ ನೋವು ಇದ್ದರೆ, "ನನಗೆ ಎತ್ತೋಕೆ ಆಗಲ್ಲ, ಯಾರನ್ನಾದರೂ ಕರೀರಿ" ಎಂದು ಮೊದಲೇ ಹೇಳಿಬಿಡಿ. ಬಾಯಿಬಿಟ್ಟು ಹೇಳದೆ ಕೈಕಟ್ಟಿ ನಿಂತರೆ ಅದು ಗತ್ತಿನ ಹಾಗೆ ಕಾಣುತ್ತದೆ. ಒರಟಾಗಿ ನಡೆದುಕೊಂಡರೆ ಹೆಸರಿನ ಬ್ಯಾಡ್ಜ್ ನೋಡಿಕೊಂಡು ಮ್ಯಾನೇಜರ್‌ಗೆ ಹೇಳಿ. ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕುವುದು ಬೇಡ.

ಟಿಪ್ಸ್ ಬೇಡ. ಎಷ್ಟೋ ಕಡೆ ಕೌಂಟರಿನವರು ತಮ್ಮ ಸ್ವಂತ ದುಡ್ಡನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮೇಲೆ ಕ್ಯಾಮೆರಾ ಇರುತ್ತದೆ. ನೀವು ಪ್ರೀತಿಯಿಂದ ತುರುಕಿದ ಇಪ್ಪತ್ತು ರೂಪಾಯಿ, ಡ್ರಾಯರ್ ಪಕ್ಕದಲ್ಲಿ ಕೈಯಿಂದ ಜೇಬಿಗೆ ಹೋದ ದುಡ್ಡಾಗಿ ಕಾಣುತ್ತದೆ. ಪಾಪ, ಅವನು ಆಮೇಲೆ ಒಳಗೆ ಹೋಗಿ ವಿವರಣೆ ಕೊಡಬೇಕು. ಹೊರಗೆ ಕಾರಿನ ತನಕ ಅಕ್ಕಿ ಹೊತ್ತು ತಂದವನಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಒಂದು ಸಲ ಕೇಳಿ, ಬೇಡ ಅಂದರೆ ಬಲವಂತ ಮಾಡಬೇಡಿ. ಅವನಿಗೆ ನಿಜವಾಗಿ ಉಪಯೋಗ ಆಗುವುದು ನೀವು ಮ್ಯಾನೇಜರ್ ಹತ್ತಿರ ಹೆಸರು ಹಿಡಿದು ಒಳ್ಳೆಯ ಮಾತು ಹೇಳಿದರೆ. ದೂರು ಹೇಳಲು ಬರುವವರೇ ಎಲ್ಲ. ಹೊಗಳಲು ಬಂದ ಗಿರಾಕಿಯನ್ನು ಮ್ಯಾನೇಜರ್ ಮರೆಯುವುದಿಲ್ಲ.

ನೀವು ಕೇಳದ ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಜಗಳ ಜಾಸ್ತಿ ಆಗುವುದು ಅಲ್ಲೇ. ತುಂಬುವಾಗ ಮೊಟ್ಟೆ ಒಡೆದರೆ, ಮೊಸರು ಪ್ಯಾಕೆಟ್ ತೂತಾದರೆ, ಯಾರ ಕೈಯಲ್ಲಿ ಆಯಿತು ಅಂತ ನೋಡಲು ಹೋಗಬೇಡಿ. ಅಲ್ಲೇ ತೋರಿಸಿ, ಬೇರೆ ಕೇಳಿ. ಬಹುತೇಕ ಅಂಗಡಿಗಳು ಮಾತಿಲ್ಲದೆ ಬದಲಿಸಿ ಕೊಡುತ್ತವೆ. ಮೊಟ್ಟೆ ಟ್ರೇಯನ್ನು ಬಿಲ್ ಹಾಕಿಸುವ ಮುಂಚೆ ಒಮ್ಮೆ ತೆರೆದು ನೋಡಿ, ತುಂಬಿದ ಮೇಲೆ ಇನ್ನೊಮ್ಮೆ ನೋಡಿ. ಮನೆಗೆ ಹೋಗಿ ಫೋನ್ ಮಾಡಿದರೆ ಅಂಗಡಿಯಲ್ಲಿ ಒಡೆಯಿತಾ, ಆಟೋದಲ್ಲಿ ಒಡೆಯಿತಾ ಅಂತ ಅವರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.